ಮಧ್ಯಾಹ್ನದ ಜೊಂಪು

ಕೊರ್ದೋಬಾದಲ್ಲಿ ಜುಲೈ ಎಂದರೆ
ಮೂರು ಗಂಟೆಗೆ ಬೀದಿಯೇ ಕಣ್ಣು ಮುಚ್ಚುತ್ತದೆ.
ಔಷಧಿ ಅಂಗಡಿಯ ಹಸಿರು ದೀಪದಲ್ಲಿ
ನಲವತ್ನಾಲ್ಕು ಡಿಗ್ರಿ, ಯಾರಿಗೂ ಬೇಡದ ಸುದ್ದಿ.
ಕಿಟಕಿಗೆಲ್ಲ ಹುಲ್ಲಿನ ಪರದೆ ಇಳಿದಿದೆ.
ನಾನೊಬ್ಬಳು ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ
ನೊಣಗಳ ನಿದ್ದೆ ಕಾಯುತ್ತಿದ್ದೇನೆ.

ಸಂಬಳದ ಚೀಟಿಯಲ್ಲಿ ‘ಸಹಾಯಕಿ, ದರ್ಜೆ ಎರಡು’ ಅಂತಿದೆ.

ಒಂದೊಂದು ಗಾಜಿನ ನಳಿಗೆಗೆ ಒಂದೊಂದು ಹೆಣ್ಣು.
ಈ ತುದಿಗೆ ಸಕ್ಕರೆಯ ಅಂಟು, ಆ ತುದಿಗೆ ಹತ್ತಿ,
ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆ.
ದಾಟಿದರೆ ಒಂದು ಗೀರು.
ಐದು ನಿಮಿಷ ದಾಟದಿದ್ದರೆ ‘ನಿದ್ದೆ’ ಎಂದು ಬರೆದುಕೊಳ್ಳುತ್ತದೆ ಯಂತ್ರ.
ಬೇಸರ, ಯೋಚನೆ, ಸುಮ್ಮನೆ ಕೂತಿರುವುದು,
ಇವಕ್ಕೆಲ್ಲ ಅದರಲ್ಲಿ ಮನೆ ಇಲ್ಲ.

ಗಂಡು ಕಾಣದವು ನಡುಹಗಲು ಮಲಗುತ್ತವೆ,
ಮೇಲಿನ ಊರಿನ ಹಾಗೆಯೇ, ಸಂಕೋಚವಿಲ್ಲದೆ.
ನಿನ್ನೆ ಕೂಡಿದವಕ್ಕೆ ಮಾತ್ರ ಕಣ್ಣು ಹತ್ತದು.
ಅತ್ತಿಂದಿತ್ತ, ಇತ್ತಿಂದತ್ತ,
ಕಾಗದದ ಮೇಲೆ ಕಪ್ಪು ಗೀರುಗಳು ಗರಿಕೆಯಂತೆ ಹಬ್ಬುತ್ತವೆ.

ಇಪ್ಪತ್ತು ನಿಮಿಷದ ಸಂಗ, ಅಷ್ಟೇ.
ವೀರ್ಯಾಣುವಿನ ಜೊತೆ ಹರಿದು ಬಂದ ದ್ರವದಲ್ಲಿ
ನೂರಾರು ಬಗೆಯ ಪ್ರೋಟೀನು,
ಅದರಲ್ಲೊಂದು ಮೂವತ್ತಾರು ಮಣಿಯ ಚಿಕ್ಕ ಸರ.
ವೀರ್ಯಾಣುವಿನ ಬಾಲಕ್ಕೆ ಬಾಲಂಗೋಚಿ ಕಟ್ಟಿದಂತೆ ಅಂಟಿ
ಅವಳೊಳಗೇ ಬಿಡಾರ ಹೂಡುತ್ತದೆ.
ದಿನಕ್ಕಿಷ್ಟು ಕಳಚುತ್ತ, ದಿನಕ್ಕಿಷ್ಟು ಸೋರುತ್ತ
ಗರ್ಭದ ನರದ ಕಿವಿಯಲ್ಲಿ ಅದೇ ಪಿಸುಮಾತು:
ತಿನ್ನು. ಇಡು. ಎದ್ದಿರು.
ಇನ್ನೊಬ್ಬ ಬಂದರೆ ಒಲ್ಲೆ ಅನ್ನು.

ಬಂದವನು ಯಾವಾಗಲೋ ಹೋದ.
ಅವನ ಮಾತು ಹತ್ತು ದಿನ ಮನೆಯಲ್ಲಿರುತ್ತದೆ.

ನಾಲಿಗೆ ಬದಲಾಗುತ್ತದೆ; ಸಕ್ಕರೆ ಬಿಟ್ಟು ಈಸ್ಟಿಗೆ ಆಸೆಪಡುತ್ತಾಳೆ, ಉಪ್ಪಿಗೂ.
ಕರುಳು ಹಿಗ್ಗುತ್ತದೆ. ಮೊಟ್ಟೆ, ಮೊಟ್ಟೆ, ಮೊಟ್ಟೆ.
ಹತ್ತಿರ ಸುಳಿದ ಗಂಡಿಗೆ ಹಿಂಗಾಲಿನ ಒದೆ.
ಆಯಸ್ಸಿನ ಲೆಕ್ಕ ಪಕ್ಕದ ಕೋಣೆಯ ಫೆರ್ಮಿನ್‌ನದು.
‘ಕೆಲವು ದಿನ ಕಡಿತ’ ಅನ್ನುತ್ತಾನೆ,
ಸಂಬಳದಲ್ಲಿ ತೆರಿಗೆ ಹಿಡಿದಷ್ಟೇ ಸಲೀಸಾಗಿ.

ಅಮ್ಮ ವಿಸಿತಾ ಮಧ್ಯಾಹ್ನ ಮಲಗಿದ್ದನ್ನು ನಾನು ನೋಡಿಲ್ಲ.
ಒಂದು ಫೋಟೋದಲ್ಲಿ ಬಿಟ್ಟು.
ಹತ್ತೊಂಬತ್ತರ ಹುಡುಗಿ, ಮದುವೆಗೆ ಮುಂಚಿನದು,
ನದಿಯ ದಂಡೆಯಲ್ಲಿ ಬಾಯಿ ತೆರೆದು, ಒಂದು ಚಪ್ಪಲಿ ಕಳಚಿ,
ಲೋಕದ ಪರಿವೆಯೇ ಇಲ್ಲದ ನಿದ್ದೆ.
ಆಮೇಲೆ ನಾವು ಆರು ಮಂದಿ.
ಅಪ್ಪ ಗೊರಕೆ ಹೊಡೆಯುವಾಗ ಅವಳು ಅಂಗಳದ ಕುಳ್ಳು ಕುರ್ಚಿಯಲ್ಲಿ
ಅಂಗಿಯ ಸವೆದ ಕಾಲರ್ ಬಿಚ್ಚಿ, ಮಗ್ಗುಲು ಬದಲಿಸಿ
ಮತ್ತೆ ಹೊಲಿಯುತ್ತಿದ್ದಳು.

ತಾಳು. ನೊಣ ಅಮ್ಮನಲ್ಲ.
ಈ ಹೋಲಿಕೆಗೆ ಫೆರ್ಮಿನ್ ನಗುತ್ತಾನೆ, ಅಮ್ಮ ಬೈಯುತ್ತಾಳೆ.
ಒಮ್ಮೆ ಕೇಳಿದ್ದೆ, ಯಾಕೆ ಮಲಗುವುದಿಲ್ಲ ಅಂತ.
ಹಲ್ಲಿನಲ್ಲಿ ದಾರ ಕಡಿದು ಹೇಳಿದಳು:
‘ಇದೊಂದು ಗಂಟೆ ನನ್ನನ್ನು ಯಾರೂ ಕೂಗುವುದಿಲ್ಲ.’

ಯಂತ್ರ ಅದಕ್ಕೂ ಒಂದು ಗೀರು ಹಾಕುತ್ತಿತ್ತು.

ಮೂರನೆಯ ಸಾಲು ಬೇರೆಯ ಗುಂಪು.
ಆ ಸರವಿಲ್ಲದ ಗಂಡುಗಳನ್ನು ಕೂಡಿದ ಹೆಣ್ಣುಗಳು.
ಕೂಡಿದ್ದುಂಟು, ಮೊಟ್ಟೆಯೂ ಒಂದಿಷ್ಟು ಉಂಟು,
ಆದರೂ ಈ ಹೊತ್ತಿಗೆ ಜೊಂಪು.
ಆ ಸಾಲಿನ ಮುಂದೆ ನಾನು ತುದಿಗಾಲಲ್ಲಿ ನಡೆಯುತ್ತೇನೆ.
ಅವಕ್ಕೆ ನನ್ನ ಚಪ್ಪಲಿಯ ಸದ್ದು ಕೇಳುವುದೋ ಏನೋ.

ಹತ್ತೊಂಬತ್ತನೆಯ ನಳಿಗೆ. ನಿನ್ನೆ ಕೂಡಿದವಳು.
ಹನ್ನೆರಡು ನಿಮಿಷದಿಂದ ಗೆರೆ ದಾಟಿಲ್ಲ.
ಸತ್ತಳೋ, ಮಲಗಿದಳೋ,
ಇಲ್ಲ, ಯಾರೂ ಕೂಗದ ಹೊತ್ತಿನಲ್ಲಿ ಸುಮ್ಮನೆ ಕೂತಳೋ.
ತಟ್ಟಿ ನೋಡಬೇಕು ಅನ್ನುತ್ತದೆ ಗೋಡೆಯ ಮೇಲಿನ ನಿಯಮ.
ಬೆರಳು ಗಾಜಿನವರೆಗೂ ಹೋಗಿದೆ.

ಇನ್ನೊಂದು ನಿಮಿಷ.